ಪಿಕ್ಸೆಲ್ಲಿನೊಳಗೆ ಯಾರಿದ್ದಾರೆ?

ಸೆಂಟಿನೆಲ್-2 ಉಪಗ್ರಹ ಕಳಿಸುವ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕ. ನೂರು ಚದರ ಮೀಟರ್. ನಮ್ಮ ಊರಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಗುಂಟೆ. ಪಿಎಚ್‌ಡಿಗೆ ಸೇರಿ ಎರಡು ವರ್ಷವಾದ ಮೇಲೆ, ಶಿರಸಿ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಅಪ್ಪ ಪಹಣಿ ಹಿಡಿದುಕೊಂಡು ಮೂರು ಗುಂಟೆಯ ಒಂದು ಹಳೆಯ ತಕರಾರಿನ ಬಗ್ಗೆ ಹೇಳುತ್ತಿದ್ದಾಗ ನನಗೆ ಇದು ಹೊಳೆಯಿತು. ಅಪ್ಪನ ಮೂರು ಗುಂಟೆ ನನ್ನ ಪರದೆಯ ಮೇಲೆ ಮೂರು ಪಿಕ್ಸೆಲ್. ಆ ಮೂರು ಗುಂಟೆಯ ಹಿಂದೆ ಅಜ್ಜನ ಕಾಲದ ಜಗಳವಿದೆ, ಎರಡು ಮನೆಗಳ ನಡುವೆ ನಿಂತುಹೋದ ಮಾತಿದೆ, ಒಂದು ಮಾವಿನ ಮರವಿದೆ. ನಾನಾದರೋ ದಿನಕ್ಕೆ ಲಕ್ಷಗಟ್ಟಲೆ ಪಿಕ್ಸೆಲ್‌ಗಳಿಗೆ ಹೆಸರಿಡುತ್ತೇನೆ. ಇದು ದಟ್ಟ ಕಾಡು, ಇದು ವಿರಳ ಕಾಡು, ಇದು ಕುರುಚಲು, ಇದು ‘ಡಿಸ್ಟರ್ಬ್ಡ್’. ಒಂದರ ಬಗ್ಗೆಯೂ ಯಾರೂ ನನ್ನೊಡನೆ ಜಗಳಕ್ಕೆ ಬಂದದ್ದಿಲ್ಲ.

ಹೀಗೆ ದೂರದಿಂದ ಹೆಸರಿಡುವ ಅಧಿಕಾರ ನನಗೆ ಎಲ್ಲಿಂದ ಬಂತು, ಅದನ್ನು ಹೇಗೆ ಬಳಸಬೇಕು ಎಂಬ ಪ್ರಶ್ನೆ ಕಳೆದ ಒಂದು ವರ್ಷದಿಂದ ನನ್ನನ್ನು ಬಿಟ್ಟಿಲ್ಲ. ಉತ್ತರ ಸಿಕ್ಕಿದೆ ಎಂದು ಈ ಬರಹ ಬರೆಯುತ್ತಿಲ್ಲ. ಒಂದು ನಕ್ಷೆಯನ್ನು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾಗಿ ಬಂತು. ಆಗ ಯೋಚಿಸಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಕೆಲಸದ ವಿಚಾರ. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಎಲೆ ಉದುರಿಸುವ ಕಾಡುಗಳು ಯಾವಾಗ ಚಿಗುರುತ್ತವೆ, ಬರ ಬಂದಾಗ ಏನಾಗುತ್ತವೆ, ಬೆಂಕಿ ಬಿದ್ದ ಮೇಲೆ ಎಷ್ಟು ಬೇಗ ಚೇತರಿಸಿಕೊಳ್ಳುತ್ತವೆ ಎಂಬುದನ್ನು ಉಪಗ್ರಹ ಚಿತ್ರಗಳಿಂದ ತಿಳಿಯುವುದು ನನ್ನ ಸಂಶೋಧನೆ. ವಿಧಾನದ ತಳಹದಿ ಸರಳ. ಜೀವಂತ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ, ಕೆಂಪಿನ ಆಚೆಯ ಅವಕೆಂಪು ಬೆಳಕಿನ ದೊಡ್ಡ ಪಾಲನ್ನು ವಾಪಸು ಕಳಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ ಎಂಬ ಸಂಖ್ಯೆ ಬರುತ್ತದೆ. ಸಂಖ್ಯೆ ಒಂದರ ಹತ್ತಿರವಾದಷ್ಟೂ ಹಸಿರು ಹೆಚ್ಚು. 1972ರ ಜುಲೈನಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಮೇಲೇರಿದಂದಿನಿಂದ ಭೂಮಿಯ ಹಸಿರಿನ ಲೆಕ್ಕ ನಮ್ಮ ಬಳಿ ಇದೆ. ಆಗಿನ ಒಂದು ಪಿಕ್ಸೆಲ್ ಒಂದೂವರೆ ಎಕರೆಗಿಂತ ದೊಡ್ಡದಿತ್ತು. 2008ರಲ್ಲಿ ಅಮೆರಿಕ ಆ ಇಡೀ ಸಂಗ್ರಹವನ್ನು ಉಚಿತವಾಗಿ ತೆರೆದಿಟ್ಟಿತು. ನನ್ನಂಥ, ಫೆಲೋಶಿಪ್ ಮೂರು ತಿಂಗಳು ತಡವಾಗಿ ಬರುವ ವಿದ್ಯಾರ್ಥಿನಿ ಹಾಸ್ಟೆಲ್ ಕೋಣೆಯಲ್ಲಿ ಕೂತು ಐವತ್ತು ವರ್ಷದ ಕಾಡನ್ನು ನೋಡಬಹುದಾದದ್ದು ಆ ಒಂದು ತೀರ್ಮಾನದಿಂದ.

ಆದರೆ ಹಸಿರು ಮತ್ತು ಕಾಡು ಒಂದೇ ಅಲ್ಲ. ಇದನ್ನು ಯಾರಾದರೂ ಒಪ್ಪುತ್ತಾರೆ, ಸಂಖ್ಯೆ ಎದುರಿಗೆ ಬಂದಾಗ ಮಾತ್ರ ಮರೆಯುತ್ತಾರೆ. 2019ರಲ್ಲಿ ಒಂದು ಅಧ್ಯಯನ ಪತ್ರಿಕೆಗಳಲ್ಲಿ ಬಹಳ ಸದ್ದು ಮಾಡಿತು. 2000ದಿಂದ 2017ರವರೆಗಿನ ಉಪಗ್ರಹ ಮಾಹಿತಿಯ ಪ್ರಕಾರ ಭೂಮಿ ಹೆಚ್ಚು ಹಸಿರಾಗಿದೆ, ಅದರಲ್ಲಿ ಚೀನಾ ಮತ್ತು ಭಾರತ ಮುಂದಿವೆ ಎಂಬುದು ಅದರ ಸಾರಾಂಶ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇದು ಹೆಮ್ಮೆಯ ಸುದ್ದಿಯಾಗಿ ಹರಿದಾಡಿತು. ಅದೇ ಪ್ರಬಂಧದೊಳಗೆ, ಭಾರತದ ಹೊಸ ಹಸಿರಿನಲ್ಲಿ ಶೇ. 82ರಷ್ಟು ಬೇಸಾಯದ ಭೂಮಿಯದು ಎಂದಿತ್ತು. ಅಂದರೆ ಬೋರ್‌ವೆಲ್ ಕೊರೆದು ಎರಡನೆಯ, ಮೂರನೆಯ ಬೆಳೆ ತೆಗೆದದ್ದು. ಅಂತರ್ಜಲ ಬತ್ತಿದ್ದೂ ಆ ಚಿತ್ರದಲ್ಲಿ ಹಸಿರಾಗಿಯೇ ಕಾಣುತ್ತದೆ.

ಇನ್ನು ‘ಕಾಡು’ ಎಂಬ ಪದಕ್ಕೆ ಸರ್ಕಾರಿ ಅರ್ಥವೊಂದಿದೆ. ಫಾರೆಸ್ಟ್ ಸರ್ವೆ ಆಫ್ ಇಂಡಿಯಾ ಎರಡು ವರ್ಷಕ್ಕೊಮ್ಮೆ ಹೊರತರುವ ವರದಿಯಲ್ಲಿ, ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ಮರಗಳ ನೆರಳಿರುವ ಎಲ್ಲ ಭೂಮಿಯೂ ಅರಣ್ಯ ಹೊದಿಕೆ. ಅದು ಯಾರದು, ಯಾವ ಬಳಕೆಯಲ್ಲಿದೆ, ಮರ ಯಾವ ಜಾತಿಯದು ಎಂಬುದನ್ನು ಕೇಳುವುದಿಲ್ಲ. ಹಾಗಾಗಿ ಕೊಡಗಿನ ಕಾಫಿ ತೋಟವೂ ಕಾಡು, ನೀಲಗಿರಿ ನೆಡುತೋಪೂ ಕಾಡು, ನಮ್ಮ ಅಡಿಕೆ ತೋಟವೂ ಕಾಡು. 2023ರ ವರದಿ ದೇಶದ ಶೇ. 21.76ರಷ್ಟು ಭೂಮಿ ಅರಣ್ಯ ಹೊದಿಕೆಯಲ್ಲಿದೆ ಎನ್ನುತ್ತದೆ. ಅಪ್ಪನಿಗೆ ಇದನ್ನು ಹೇಳಿದಾಗ ಅವರು, “ಹಂಗಾದ್ರೆ ನಾನು ಇಷ್ಟು ವರ್ಷ ಕಾಡಿಗೆ ಬೋರ್ಡೋ ಮಿಶ್ರಣ ಹೊಡೆದಿದ್ದಾ?” ಎಂದು ನಕ್ಕರು.

ನಾನು ಈ ವ್ಯಾಖ್ಯೆಯನ್ನು ಗೇಲಿ ಮಾಡಲು ಹೇಳುತ್ತಿಲ್ಲ. ಆಕಾಶದಿಂದ ನೋಡುವವರಿಗೆ ಒಂದು ಅಳತೆ ಬೇಕು. ಮೇಲಿನಿಂದ ಕಾಣುವುದು ಮರದ ತಲೆ ಮಾತ್ರ. ಅದರ ಕೆಳಗೆ ಯಾರು ನಡೆದಾಡುತ್ತಾರೆ, ಬೇರಿನಲ್ಲಿ ಏನಿದೆ ಎಂಬುದು ಕಾಣದು. ಕಂಡದ್ದರಿಂದ ವ್ಯಾಖ್ಯೆ ಮಾಡಿಕೊಂಡರು, ಸರಿ. ತೊಂದರೆ ಇರುವುದು ಆಮೇಲಿನ ಹೆಜ್ಜೆಯಲ್ಲಿ. ಅಳೆಯಲು ಅನುಕೂಲವೆಂದು ಮಾಡಿಕೊಂಡ ಹೆಸರು ಕಡತಕ್ಕೆ ಹೋಗುತ್ತದೆ, ಕಡತದಿಂದ ಕಾನೂನಿಗೆ, ಕಾನೂನಿನಿಂದ ಯಾರದೋ ಮನೆಬಾಗಿಲಿಗೆ. ಹೊರಟಾಗ ‘ಇಷ್ಟು ನನಗೆ ಕಾಣುತ್ತದೆ’ ಎಂದಿದ್ದದ್ದು ಬಾಗಿಲು ಮುಟ್ಟುವಾಗ ‘ಇಷ್ಟೇ ಇರುವುದು’ ಎಂದಾಗಿರುತ್ತದೆ.

ನನ್ನ ಅಧ್ಯಯನದ ಜಾಗ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ. ಅಲ್ಲಿ ಸೋಲಿಗರು ಯಾವ ಕಾಲದಿಂದ ಇದ್ದಾರೋ ಹೇಳಲಾಗದು. 1974ರಲ್ಲಿ ಅದು ವನ್ಯಧಾಮವಾಯಿತು. ಕಾಡಿನೊಳಗೆ ಜಾಗ ಬದಲಿಸುತ್ತಾ ಬೇಸಾಯ ಮಾಡುತ್ತಿದ್ದವರು ಪೋಡುಗಳಲ್ಲಿ ನೆಲೆ ನಿಲ್ಲಬೇಕಾಯಿತು, ಕಾಡಿಗೆ ಬೆಂಕಿ ಹಾಕುವ ಪದ್ಧತಿ ನಿಂತಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಅದೇ ವರ್ಷ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಇದು ಮೊದಲು ಎಂದು ವರದಿಯಾಯಿತು.

ಕಂಪ್ಯೂಟರಿಗೆ ಕಾಡು ಗುರುತಿಸುವುದನ್ನು ಕಲಿಸಲು ಮೊದಲು ನಾವೇ ಕೆಲವು ಜಾಗಗಳಿಗೆ ಹೆಸರಿಟ್ಟು ತೋರಿಸಬೇಕು. ಇಂಥ ಸುಮಾರು ಇನ್ನೂರು ತುಂಡುಗಳನ್ನು ನಾನು ಬೆಂಗಳೂರಿನಲ್ಲಿ ಕೂತು ಪರದೆಯ ಮೇಲೆ ಗೆರೆ ಎಳೆದು ಗುರುತಿಸಿದ್ದೆ. ಎನ್‌ಡಿವಿಐ ಹೆಚ್ಚಿದ್ದು ‘ಉತ್ತಮ’, ನಡುವೆ ಬೆಳಕಿನ ತೇಪೆಗಳಿದ್ದದ್ದು ‘ಡಿಸ್ಟರ್ಬ್ಡ್’. ಕನ್ನಡದಲ್ಲಿ ಏನೆನ್ನುತ್ತೀರೋ, ಕದಡಿದ್ದು, ಕೆಡಿಸಿದ್ದು. ಆಮೇಲೆ ಜಿಪಿಎಸ್ ಹಿಡಿದು ಜಾಗಕ್ಕೆ ಹೋಗಿ ಪರಿಶೀಲಿಸುವುದು ಪದ್ಧತಿ. ಇದಕ್ಕೆ ನಮ್ಮ ಶಾಸ್ತ್ರದಲ್ಲಿ ‘ಗ್ರೌಂಡ್ ಟ್ರೂತ್’ ಎಂಬ ಹೆಸರಿದೆ. ಸತ್ಯ ನೆಲದಲ್ಲಿದೆ ಎಂದು ಶಾಸ್ತ್ರವೇ ಒಪ್ಪಿಕೊಂಡಿದೆ. ಆದರೆ ಅಲ್ಲಿಗೆ ಹೋಗಲು ಅದು ಕೊಡುವುದು ಮೂರು ವಾರ, ಒಂದು ಬಾಡಿಗೆ ಜೀಪು.

ನನ್ನ ಜೊತೆ ಬಂದವರು ಎಪ್ಪತ್ತು ದಾಟಿದ ಒಬ್ಬ ಸೋಲಿಗರು. ನಾನು ತಾತ ಎಂದೇ ಕರೆಯುತ್ತಿದ್ದೆ. ಮೊದಲ ದಿನ ನನ್ನ ಪಟ್ಟಿಯ ‘ಉತ್ತಮ ಕಾಡು’ ನೋಡಲು ಹೋದೆವು. ಜನವರಿಯ ಕೊನೆ. ಮೇಲೆ ಮತ್ತಿ, ದಿಂಡಿಗ ಎಲೆ ಉದುರಿಸಿ ನಿಂತಿದ್ದವು. ಕೆಳಗೆ ಆಳೆತ್ತರಕ್ಕೂ ಮೀರಿ ಲಂಟಾನ, ಹಸಿರೆಂದರೆ ಹಸಿರು. ಹತ್ತು ಹೆಜ್ಜೆ ಒಳಗೆ ಹೋಗಲಾಗಲಿಲ್ಲ, ಕೈಯೆಲ್ಲಾ ಗೀರಿಹೋಯಿತು. ಉಪಗ್ರಹಕ್ಕೆ ಕಂಡ ಹಸಿರು ಅದೇ. ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ಬ್ರಿಟಿಷರ ಕಾಲದಲ್ಲಿ ಬಂದ ಗಿಡ ನನ್ನ ನಕ್ಷೆಯಲ್ಲಿ ಕಡುಹಸಿರು ಬಣ್ಣ ಹೊದ್ದು ‘ಆರೋಗ್ಯವಂತ ಕಾಡು’ ಆಗಿತ್ತು. ತಾತ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಇದ್ರೊಳಗೆ ಕಡವೆಗೂ ಜಾಗ ಇಲ್ಲ ಕಣವ್ವ” ಎಂದರು.

ಎರಡನೆಯ ದಿನ ‘ಡಿಸ್ಟರ್ಬ್ಡ್’. ಒಂದು ಕಡೆ ಮರದ ನೆರಳಿನಲ್ಲಿ ಕಾಫಿ, ಪಕ್ಕದಲ್ಲಿ ರಾಗಿ ಕೊಯ್ದ ಕೂಳೆ. ಇನ್ನೊಂದು ಕಡೆ ಪೋಡಿನವರೇ ಲಂಟಾನ ಕಿತ್ತು ಬಿಟ್ಟ ಜಾಗ, ಅಲ್ಲಿ ಹುಲ್ಲು ಎದ್ದಿತ್ತು, ಹುಲ್ಲಿನಲ್ಲಿ ಜಿಂಕೆಯ ಹಿಕ್ಕೆ. ಮೂರನೆಯದು ಹಳೆಯ ಪೋಡು ಇದ್ದ ಜಾಗವಂತೆ. ತಾತ ಹುಟ್ಟಿದ್ದು ಅಲ್ಲೇ. ನಾನು ಜಿಪಿಎಸ್ ಎತ್ತಿ ಬಿಂದು ಗುರುತಿಸಿಕೊಂಡೆ. ಆಚೆ ಇನ್ನೊಂದು ಮರದ ಗುಂಪಿನ ಹತ್ತಿರ ಹಾಗೇ ಎತ್ತಿದಾಗ ಮಾತ್ರ ಅವರು ಕೈ ಅಡ್ಡ ಹಿಡಿದು “ಅಲ್ಲಿ ಬೇಡ” ಎಂದರು. ಯಾಕೆ ಎಂದು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಬೆಂಕಿಯ ಬಗ್ಗೆ ಮಾತ್ರ ಅವರಿಗೆ ಹೇಳಲು ಬಹಳ ಇತ್ತು. ಮೊದಲೆಲ್ಲಾ ಚಳಿಗಾಲ ಮುಗಿಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವ ಇರುವಾಗ, ಉದುರಿದ ತರಗಿಗೆ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ. ಮೊಣಕಾಲೆತ್ತರದ ಜ್ವಾಲೆ, ಸಂಜೆಗೆ ಆರಿಹೋಗುವಂಥದ್ದು. ಅದು ಲಂಟಾನದ ಸಸಿಗಳನ್ನು ಸುಡುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯನ್ನು ಹತೋಟಿಯಲ್ಲಿಡುತ್ತಿತ್ತು ಎಂಬುದು ಸೋಲಿಗರ ತಿಳಿವಳಿಕೆ. ಬೆಂಕಿ ನಿಂತ ಮೇಲೆ ಎರಡೂ ಹೆಚ್ಚಿದವು ಎನ್ನುತ್ತಾರೆ. ಪರಿಸರ ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. 1997 ಮತ್ತು 2008ರ ಸಮೀಕ್ಷೆಗಳ ನಡುವೆ ಅಲ್ಲಿ ಲಂಟಾನ ವಿಪರೀತ ಹಬ್ಬಿದ್ದು ದಾಖಲಾಗಿದೆ. ಬೆಂಕಿಯ ಪಾತ್ರದ ಬಗ್ಗೆ ಎಲ್ಲರ ಅಭಿಪ್ರಾಯ ಒಂದೇ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಉಪಗ್ರಹದ ಬೆಂಕಿ ಸೂಚನೆಯಲ್ಲಿ ತರಗು ಬೆಂಕಿಗೂ, ಒಣಗಿದ ಲಂಟಾನ ಹತ್ತಿಕೊಂಡು ಮರದ ತಲೆಯವರೆಗೆ ಏರುವ ಏಪ್ರಿಲ್ ಬೆಂಕಿಗೂ ಇರುವುದು ಒಂದೇ ಗುರುತು, ಒಂದು ಕೆಂಪು ಚುಕ್ಕಿ. ವಿಐಐಆರ್‌ಎಸ್ ಎಂಬ ಸೆನ್ಸರಿನಲ್ಲಿ ಆ ಚುಕ್ಕಿಯ ಅಗಲ 375 ಮೀಟರ್, ಸುಮಾರು ಮೂವತ್ತೈದು ಎಕರೆ. ಹಚ್ಚಿದವರ ಉದ್ದೇಶವಂತೂ ಅದರಲ್ಲಿ ಬರುವುದೇ ಇಲ್ಲ.

ಬೆಂಗಳೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಇನ್ನೊಂದು ವಿಷಯ ನೆನಪಾಗಿ ಮುಖ ಬಿಸಿಯಾಯಿತು. ತರಬೇತಿಯ ತುಂಡುಗಳನ್ನು ಗುರುತಿಸುವಾಗ ಹೋಲಿಕೆಗೆಂದು ನಮ್ಮ ಕಡೆಯ ಕಾಡಿನ ಚಿತ್ರಗಳನ್ನೂ ತೆಗೆದುಕೊಂಡಿದ್ದೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟವಿರುತ್ತದೆ. ಸೊಪ್ಪು, ದರಕು ತರಲು ಬ್ರಿಟಿಷರ ಕಾಲದಿಂದಲೇ ತೋಟಿಗರಿಗೆ ಬಿಟ್ಟುಕೊಟ್ಟ ಕಾಡು. ಮರಗಳ ಟೊಂಗೆ ಕಡಿದು ಕಡಿದು ಅಲ್ಲಿ ಮೇಲಿನಿಂದ ನೋಡಿದರೆ ನೆರಳು ತೆಳ್ಳಗೆ, ನಡುನಡುವೆ ಬಿಳಿಚಿಕೊಂಡ ತೇಪೆ. ಬಿಳಿಗಿರಿಯ ‘ಡಿಸ್ಟರ್ಬ್ಡ್’ ತುಂಡುಗಳಿಗೂ ಇದಕ್ಕೂ ಸಂಖ್ಯೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ನಮ್ಮ ಬೆಟ್ಟಕ್ಕೆ ನಾನು ಇಟ್ಟಿದ್ದ ಹೆಸರು ‘ಬಳಕೆಯ ಕಾಡು’. ಯೋಚಿಸಿ ಇಟ್ಟದ್ದಲ್ಲ, ಕೈ ತಾನಾಗಿ ಹಾಗೆ ಟೈಪು ಮಾಡಿತ್ತು. ಅಜ್ಜಿ ತಲೆಯ ಮೇಲೆ ದರಕಿನ ಹೊರೆ ಹೊತ್ತು ಬರುತ್ತಿದ್ದದ್ದು ಗೊತ್ತು, ಅದು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗುವುದು ಗೊತ್ತು. ನಮ್ಮಲ್ಲಿ ದರಕು, ಅವರಲ್ಲಿ ತರಗು; ಒಂದೇ ಒಣಗಿದ ಎಲೆ. ನಾವು ಗುಡಿಸಿಕೊಂಡು ಬಂದೆವು, ಅವರು ಸುಟ್ಟರು. ನಮ್ಮದು ಬಳಕೆ, ಅವರದು ಕದಡುವಿಕೆ ಎಂದು ಬರೆದವಳು ನಾನು.

ಇಲ್ಲಿ ಯಂತ್ರದ ತಪ್ಪೇನೂ ಇಲ್ಲ. ನಾನು ಕಲಿಸಿದ್ದನ್ನು ಅದು ಕಲಿಯಿತು. ನನಗೆ ಪರಿಚಯವಿದ್ದ ಕಡೆ ಕೈ ತಡೆಯಿತು, ಪರಿಚಯವಿಲ್ಲದ ಕಡೆ ತಡೆಯಲಿಲ್ಲ. ವಸ್ತುನಿಷ್ಠತೆಯ ಬಗ್ಗೆ ನಾವು ಕೋರ್ಸ್‌ವರ್ಕಿನಲ್ಲಿ ಓದುವಾಗ ಅಕ್ಕರೆ, ನಂಟು ಇವೆಲ್ಲ ನೋಟವನ್ನು ಮಸುಕು ಮಾಡುತ್ತವೆ ಎಂದು ಓದುತ್ತೇವೆ. ನನ್ನ ವಿಷಯದಲ್ಲಿ ಉಲ್ಟಾ ಆಗಿತ್ತು. ನಂಟು ಇದ್ದ ಕಡೆ ಸರಿಯಾಗಿ ಕಂಡಿತ್ತು. ಹಾಗೆಂದು ನಂಟಿದ್ದವರೇ ನೋಡಬೇಕು ಎನ್ನಲಾಗದು. ನಮ್ಮ ಊರಿನ ಬೆಟ್ಟಗಳಲ್ಲಿ ಎಷ್ಟೋ ಕಡೆ ಸೊಪ್ಪಿನ ಹೆಸರಿನಲ್ಲಿ ಕಾಡು ಬೋಳಾದದ್ದೂ ನಿಜ, ಅದನ್ನು ನಾನು ‘ಬಳಕೆ’ ಎಂದು ಮುಚ್ಚಿದ್ದೂ ನಿಜ ಇರಬಹುದು. ಎರಡು ಕಡೆಗೂ ಒಂದೇ ತಕ್ಕಡಿ ಇರಲಿಲ್ಲ ಎಂಬುದಷ್ಟೇ ಖಚಿತ.

ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಮಂದಣ್ಣ ನೆನಪಿರುತ್ತಾನೆ. ಊರಿನವರ ಕಣ್ಣಿಗೆ ಆತ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊಗೆ ಆತನೊಬ್ಬ ಹುಟ್ಟು ನಿಸರ್ಗ ತಜ್ಞ. ಪಿಯುಸಿಯಲ್ಲಿ ಅದನ್ನು ಓದಿದಾಗ ನಾನು ಕರ್ವಾಲೊ ಆಗಬೇಕೆಂದುಕೊಂಡೆ. ಈಗ ಅನ್ನಿಸುವುದು, ಕರ್ವಾಲೊ ಕಾಡಿಗೆ ಹೋದದ್ದು ಮಂದಣ್ಣನ ಜೊತೆ. ಮಂದಣ್ಣ ಕಂಡದ್ದನ್ನು ನಂಬಿ ಹೋದದ್ದು. ನನ್ನ ಶಾಸ್ತ್ರದ ಏರ್ಪಾಡಿನಲ್ಲಿ ಮಂದಣ್ಣ ಬರುವುದು ಕೊನೆಯಲ್ಲಿ, ಪರಿಶೀಲನೆಗೆ, ದಿನಗೂಲಿಯ ಮೇಲೆ.

ಇಷ್ಟು ಆಗಿ ಎರಡು ತಿಂಗಳಿಗೆ ಒಂದು ಕಾರ್ಯಾಗಾರದಲ್ಲಿ ನನ್ನ ಕೆಲಸವನ್ನು ಮಂಡಿಸಿದೆ. ಆಗಿನ್ನೂ ಹಳೆಯ ನಕ್ಷೆಯೇ, ತಿದ್ದುಪಡಿ ನಡೆಯುತ್ತಿದೆ ಎಂದು ಬಾಯಲ್ಲಿ ಹೇಳಿದೆ. ಊಟದ ಹೊತ್ತಿನಲ್ಲಿ ಒಂದು ಕಚೇರಿಯವರು ಬಂದು ಬಹಳ ಸೌಜನ್ಯದಿಂದ, “ಮೇಡಂ, ಡಿಸ್ಟರ್ಬೆನ್ಸ್ ಎಲ್ಲೆಲ್ಲಿದೆ ಅಂತ ನಿಮ್ಮ ಶೇಪ್‌ಫೈಲ್ ಕೊಟ್ಟರೆ ನಮಗೆ ಅನುಕೂಲ” ಎಂದರು. ಅವರಲ್ಲಿ ಕೆಟ್ಟ ಉದ್ದೇಶವಿತ್ತೆಂದು ನನಗೆ ಅನ್ನಿಸಲಿಲ್ಲ. ಕಾಡು ಕಾಯುವುದು ಅವರ ಕೆಲಸ, ನಕ್ಷೆ ಬೇಕು. ನಾನು ಹೋದ ಪೋಡಿನಲ್ಲಿ ಮಾತ್ರ ಕೆಲವರ ಜಮೀನಿನ ಅರ್ಜಿಗಳು ಇನ್ನೂ ತೀರ್ಮಾನವಾಗಿರಲಿಲ್ಲ, ಅದು ನನಗೆ ಗೊತ್ತಿತ್ತು.

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕಿಂತ ಮೊದಲು ಸಾಗುವಳಿ ಮಾಡುತ್ತಿದ್ದ ಬುಡಕಟ್ಟಿನವರಿಗೆ ಹಕ್ಕುಪತ್ರ ಸಿಗಬೇಕು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. 2005ರಿಂದ 75 ಕಳೆದರೆ 1930. ಮೊದಲ ಲ್ಯಾಂಡ್‌ಸ್ಯಾಟ್ ಹುಟ್ಟಲು ಇನ್ನೂ 42 ವರ್ಷವಿತ್ತು. ಹೀಗಿದ್ದೂ ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ ಎಂಬ ಕಾರಣಕ್ಕೆ ಅರ್ಜಿಗಳು ತಿರಸ್ಕೃತವಾದ ಉದಾಹರಣೆಗಳಿವೆ. ಗುಜರಾತಿನಲ್ಲಿ ಇದು ಹೈಕೋರ್ಟಿಗೆ ಹೋಯಿತು. ಬರೀ ಉಪಗ್ರಹ ಚಿತ್ರದ ಆಧಾರದ ಮೇಲೆ ತಳ್ಳಿಹಾಕಿದ ಅರ್ಜಿಗಳನ್ನು ಮತ್ತೆ ಪರಿಶೀಲಿಸಬೇಕೆಂದು 2013ರಲ್ಲಿ ನ್ಯಾಯಾಲಯ ಹೇಳಿತು. ಅದಕ್ಕೆ ಮೊದಲೇ, 2012ರಲ್ಲಿ ತಿದ್ದಿದ ನಿಯಮಗಳಲ್ಲಿ, ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಅದರ ಬದಲಿಗೆ ನಿಲ್ಲಬಾರದು ಎಂದು ಸೇರಿಸಿದ್ದರು. ಆದರೂ 2019ರ ಫೆಬ್ರುವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಲು ಹೇಳಿದ ಸುಪ್ರೀಂ ಕೋರ್ಟ್, ಫಾರೆಸ್ಟ್ ಸರ್ವೆ ಆಫ್ ಇಂಡಿಯಾ ಉಪಗ್ರಹ ಸಮೀಕ್ಷೆ ನಡೆಸಿ ಒತ್ತುವರಿಯ ಸ್ಥಿತಿಯನ್ನು ಮುಂದಿಡಬೇಕೆಂದೂ ಆದೇಶಿಸಿತ್ತು. ಎರಡು ವಾರದಲ್ಲಿ ತೆರವಿಗೆ ತಡೆ ಬಂತು. ಆ ಎರಡು ವಾರ ದೇಶದ ಎಷ್ಟು ಮನೆಗಳಲ್ಲಿ ಏನು ಮಾತಾಡಿಕೊಂಡಿರಬಹುದು ಎಂದು ನಾನು ಆಗ ಯೋಚಿಸಿರಲಿಲ್ಲ; ಎಂಎಸ್ಸಿ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ.

ಹಾಗಾದರೆ ಕೊಡಬಾರದು, ಸುಲಭ. ನನಗೂ ಹಾಗೇ ಅನ್ನಿಸಿತು. ಗೈಡ್ ಮೇಡಂ ಒಪ್ಪಲಿಲ್ಲ. ಅವರ ವಾದ ಗಟ್ಟಿಯಾಗಿತ್ತು. ಮಾಹಿತಿಯನ್ನು ಮುಚ್ಚಿಡುವ ವಿಜ್ಞಾನ ಯಾವತ್ತೂ ಬಲಶಾಲಿಗಳಿಗೇ ಅನುಕೂಲ ಎಂದರು. ಬ್ರೆಜಿಲ್ ನೋಡು ಎಂದರು. ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಇನ್ಪೆ 1988ರಿಂದ ಅಮೆಜಾನ್ ಕಾಡು ಎಷ್ಟು ಕಡಿಯಲ್ಪಟ್ಟಿದೆ ಎಂದು ಪ್ರತಿ ವರ್ಷ ಲೆಕ್ಕ ಕೊಡುತ್ತಿದೆ. 2004ರಲ್ಲಿ ಒಂದೇ ವರ್ಷ 27,000 ಚದರ ಕಿಲೋಮೀಟರಿಗೂ ಹೆಚ್ಚು ಕಾಡು ಹೋಗಿತ್ತು. ಅದೇ ಹೊತ್ತಿಗೆ ಬೇಗ ಎಚ್ಚರಿಸುವ ಇನ್ನೊಂದು ಉಪಗ್ರಹ ವ್ಯವಸ್ಥೆ ಬಂತು, ಅದನ್ನು ನೋಡಿಕೊಂಡು ಅಧಿಕಾರಿಗಳು ಜಾಗಕ್ಕೆ ಹೋದರು, ಬೇರೆ ಕಾನೂನು ಕ್ರಮಗಳೂ ಸೇರಿದವು. 2012ರ ಹೊತ್ತಿಗೆ ಅದು 4,600ರ ಆಸುಪಾಸಿಗೆ ಇಳಿದಿತ್ತು. 2019ರಲ್ಲಿ ಅಂಕಿ ಮತ್ತೆ ಏರಿದಾಗ ಅಧ್ಯಕ್ಷ ಬೋಲ್ಸನಾರೊ ಅದನ್ನು ಸುಳ್ಳೆಂದರು. ಸಂಸ್ಥೆಯ ನಿರ್ದೇಶಕ ರಿಕಾರ್ಡೊ ಗಾಲ್ವಾವ್ ಅಂಕಿಗಳ ಪರವಾಗಿ ನಿಂತರು, ಹುದ್ದೆ ಕಳೆದುಕೊಂಡರು. ಅಂಕಿಗಳು ಎಲ್ಲರಿಗೂ ತೆರೆದಿದ್ದರಿಂದ ಅವನ್ನು ಅಳಿಸಲಾಗಲಿಲ್ಲ. “ನಿನ್ನ ತಾತನ ಪರವಾಗಿಯೂ ಚಿತ್ರ ಮಾತಾಡಬಹುದಲ್ವಾ?” ಎಂದರು ಮೇಡಂ. ಅದೂ ನಿಜವೇ. ಗುಜರಾತಿನ ಅದೇ ಹಳ್ಳಿಗಳವರು ಸಂಘಟನೆಯೊಂದರ ನೆರವಿನಿಂದ ಜಿಪಿಎಸ್ ಹಿಡಿದು ಹೊಲ ಅಳೆದು, ಹಳೆಯ ಉಪಗ್ರಹ ಚಿತ್ರದ ಮೇಲೆ ಕೂಡಿಸಿ, ನಾವು ಆಗಲೂ ಇಲ್ಲೇ ಉಳುತ್ತಿದ್ದೆವು ಎಂದು ತೋರಿಸಿದರು. ಬಿಳಿಗಿರಿಯಲ್ಲೂ ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ತಮ್ಮ ಕುಲಗಳ ನೂರಾರು ಪವಿತ್ರ ಜಾಗಗಳನ್ನು ನಕ್ಷೆಗಿಳಿಸಿದ್ದಾರೆ.

ಈ ಎಲ್ಲ ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ನನ್ನ ಪ್ರಶ್ನೆಯನ್ನು ನಾನು ತಪ್ಪಾಗಿ ಕೇಳುತ್ತಿದ್ದೆ ಅನ್ನಿಸಿತು. ಮೇಲಿನಿಂದ ನೋಡುವುದು ಸರಿಯೋ ತಪ್ಪೋ ಎಂಬುದು ಪ್ರಶ್ನೆಯೇ ಆಗಿರಲಿಲ್ಲ. ಅಮೆಜಾನಿನಲ್ಲಿ ಕಣ್ಣು ಇಟ್ಟದ್ದು ಸಾವಿರಾರು ಎಕರೆ ಕಡಿದು ದನ ಬಿಡುವವರ ಮೇಲೆ; ಅವರಿಗೆ ವಕೀಲರಿದ್ದರು, ಒಬ್ಬ ಅಧ್ಯಕ್ಷನೇ ಇದ್ದ. ಪೋಡಿನ ಮೂರು ಗುಂಟೆಯವನಿಗೆ ನನ್ನ ನಕ್ಷೆ ತಪ್ಪೆಂದು ಹೇಳಲು ಯಾವ ವೇದಿಕೆ ಇದೆ? ನಮ್ಮ ಹಳ್ಳಿಗಳಲ್ಲಿ ಬೇರೆಯವರ ಅಂಗಳಕ್ಕೆ ಕಾಲಿಡುವ ಮುಂಚೆ “ಯಾರಿದ್ದೀರಿ ಮನೇಲಿ?” ಎಂದು ಕೂಗುತ್ತೇವೆ. ಒಳಗಿನವರಿಗೆ ಸೆರಗು ಸರಿ ಮಾಡಿಕೊಳ್ಳಲು, ಬೇಡದ್ದನ್ನು ಒಳಗಿಡಲು, ಬಂದವರು ಯಾರೆಂದು ಇಣುಕಿ ನೋಡಲು ಒಂದು ನಿಮಿಷ ಸಿಗುತ್ತದೆ. ನೋಡುವವರನ್ನು ತಾವೂ ನೋಡುವ ಆ ಒಂದು ನಿಮಿಷ. ಐದು ದಿನಕ್ಕೊಮ್ಮೆ ಏಳುನೂರು ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವ ಕಣ್ಣಿಗೆ ಕೂಗಲು ಬಾಯಿಲ್ಲ. ಕೂಗಬೇಕಾದದ್ದು ಆ ಚಿತ್ರ ಬಿಚ್ಚುವ ನಾನು.

‘ನಾನು ಅಳೆದೆ ಅಷ್ಟೇ, ಬಳಸಿದವರು ಬೇರೆ’ ಎಂಬ ಸಮರ್ಥನೆ ನಮ್ಮ ವಲಯದಲ್ಲಿ ಬಹಳ ಕೇಳುತ್ತದೆ. ಚಾಕು ಮಾಡಿದ ಕಮ್ಮಾರನ ಉದಾಹರಣೆ ಕೊಡುತ್ತಾರೆ. ಆದರೆ ಕಮ್ಮಾರ ಚಾಕುವಿನ ಮೇಲೆ ಯಾರ ಹೆಸರನ್ನೂ ಕೆತ್ತುವುದಿಲ್ಲ. ನನ್ನ ಶೇಪ್‌ಫೈಲಿನಲ್ಲಿ ಪ್ರತಿ ತುಂಡಿಗೂ ಅಕ್ಷಾಂಶ, ರೇಖಾಂಶ ಇವೆ, ಎದುರಿಗೆ ‘ಡಿಸ್ಟರ್ಬ್ಡ್’ ಎಂದಿದೆ. ಅದು ಅಳತೆಯ ಮಾತಲ್ಲ, ದೂರು.

ಕೊನೆಗೆ ಮಾಡಿದ್ದು ಇಷ್ಟು. ಹೆಸರುಗಳನ್ನು ಬದಲಿಸಿದೆ. ‘ಡಿಸ್ಟರ್ಬ್ಡ್’ ತೆಗೆದು, ಕಾಣುವುದನ್ನಷ್ಟೇ ಹೇಳುವ ‘ತೆರೆದ ನೆರಳು’, ‘ನೆರಳಿನ ಕೆಳಗೆ ಪೊದೆ’ ಎಂಬ ವರ್ಗಗಳನ್ನು ಮಾಡಿದೆ. ನಮ್ಮ ಸೊಪ್ಪಿನ ಬೆಟ್ಟಕ್ಕೂ ಅದೇ ಹೆಸರು. ಪ್ರಕಟಿಸುವ ನಕ್ಷೆಯನ್ನು ಒಂದು ಕಿಲೋಮೀಟರ್ ಚೌಕಗಳಿಗೆ ಒಟ್ಟುಗೂಡಿಸಿದೆ. ಚಿಗುರುವ ಕಾಲ, ಬರದ ಪರಿಣಾಮ ಹೇಳಲು ಅಷ್ಟು ಸಾಕು. ಹತ್ತು ಮೀಟರಿನ ನಕ್ಷೆಯನ್ನು ಮೊದಲು ಪೋಡಿನ ಅರಣ್ಯ ಹಕ್ಕು ಸಮಿತಿಗೆ ತೋರಿಸಿ, ಆಮೇಲೆ ಯಾರಿಗೆ ಏನು ಎಂದು ತೀರ್ಮಾನಿಸುವುದು. ಕಚೇರಿಗೆ ಒಂದು ಕಿಲೋಮೀಟರಿನದನ್ನು ಕಳಿಸಿದೆ. ಇದು ನಮ್ಮ ಉಪಯೋಗಕ್ಕೆ ಬರುವುದಿಲ್ಲ ಎಂದು ಅವರು ಬರೆದರು, ಸೌಜನ್ಯದಿಂದಲೇ.

ಇದರಲ್ಲಿ ನನಗೆ ಸಮಾಧಾನವಿಲ್ಲ. ನಾನು ಮುಚ್ಚಿಟ್ಟದ್ದನ್ನು ಯಾರು ಬೇಕಾದರೂ ಉಚಿತ ಚಿತ್ರ ಇಳಿಸಿಕೊಂಡು ಒಂದು ಮಧ್ಯಾಹ್ನದಲ್ಲಿ ಮಾಡಿಕೊಳ್ಳಬಹುದು, ನನಗಿಂತ ಒರಟಾಗಿ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಮೇಲೇರಿದ ನಿಸಾರ್ ಉಪಗ್ರಹದ ರಾಡಾರ್ ಮೋಡವನ್ನು ತೂರಿ, ಎಲೆಗಳನ್ನೂ ದಾಟಿ ಕೊಂಬೆ ಕಾಂಡಗಳನ್ನು ಮುಟ್ಟುತ್ತದೆ. ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ನಾಲ್ಕು ತಿಂಗಳ ಮಳೆಗಾಲವೆಂಬ ಕುರುಡು ಇಷ್ಟು ದಿನ ನಮ್ಮ ಕೈ ಕಟ್ಟಿತ್ತು. ಅದೂ ಈಗ ಬಿಚ್ಚಿಕೊಳ್ಳುತ್ತಿದೆ. ವಿಜ್ಞಾನವಾಗಿ ಇದು ನನಗೆ ಅಪಾರ ಸಂತೋಷ ಕೊಡುವ ಸುದ್ದಿ ಎಂಬುದನ್ನೂ ಹೇಳಿಬಿಡಬೇಕು. ಕಾಡು ಎಷ್ಟು ಇಂಗಾಲ ಹಿಡಿದಿದೆ ಎಂದು ತಿಳಿಯದೆ ಹವಾಮಾನದ ಬಗ್ಗೆ ಮಾತಾಡುವುದು ಕತ್ತಲಲ್ಲಿ ತಡಕಿದಂತೆ.

ಕಳೆದ ತಿಂಗಳು ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಪೋಡಿಗೆ ಹೋಗಿದ್ದೆ. ಸಮಿತಿಯವರು ಏಳೆಂಟು ಜನ ಸೇರಿದರು. ತಾತ ಹಾಳೆಯನ್ನು ನೆಲದ ಮೇಲೆ ಹಾಸಿ, ಎರಡು ಸಲ ತಿರುಗಿಸಿ, ಬೆಟ್ಟ ಇರುವ ದಿಕ್ಕಿಗೇ ನಕ್ಷೆಯ ಬೆಟ್ಟವೂ ಬರುವಂತೆ ಇಟ್ಟುಕೊಂಡರು.

“ಈ ಪಟ ಯಾವ ತಿಂಗಳಲ್ಲಿ ತೆಗ್ದದ್ದು?”

“ಜನವರಿ, ಫೆಬ್ರುವರಿ ತಾತ.”

“ಮಳೆ ಕಾಲದ್ದು?”

“ಮೋಡ. ಕಾಣಲ್ಲ.”

“ಕಾಡು ಎದ್ದು ಕೂತ್ಕಳೋದೇ ಆಗ” ಎಂದು ಪಕ್ಕದವರ ಮುಖ ನೋಡಿ ನಕ್ಕರು. ಆಮೇಲೆ ನನ್ನ ಪೆನ್ಸಿಲ್ ಇಸಿದುಕೊಂಡು, ಎಲ್ಲಿ ಯಾವಾಗ ಕೊನೆಯ ಸಲ ತರಗು ಬೆಂಕಿ ಹಾಕಿದ್ದರು ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಗೆರೆ ಎಳೆಯತೊಡಗಿದರು. ಇಸವಿ ಯಾರಿಗೂ ಗೊತ್ತಿರಲಿಲ್ಲ. ಇವನ ಮದುವೆಗೆ ಮುಂಚೆ, ಆ ಆನೆ ಸತ್ತ ವರ್ಷ, ದೊಡ್ಡ ಮಗಳು ಹುಟ್ಟಿದ ಮಾರನೆಯ ಬೇಸಿಗೆ, ಹೀಗೆ. ಎರಡು ಕಡೆ ಅವರಲ್ಲೇ ಜಗಳವಾಗಿ ಗೆರೆ ಅಳಿಸಿ ಮತ್ತೆ ಎಳೆದರು. ಹಾಳೆಯ ಮೂಡಣ ಮೂಲೆಯ ಒಂದು ಜಾಗವನ್ನು ಸುತ್ತು ಹಾಕಿ, ಇದನ್ನು ಕಂಪ್ಯೂಟರಿಗೆ ಹಾಕಬೇಡ ಎಂದರು.

ಆ ಹಾಳೆ ಈಗ ನನ್ನ ಮೇಜಿನ ಮೇಲಿದೆ. ಆನೆ ಸತ್ತದ್ದು ಯಾವ ವರ್ಷ ಎಂದು ಕೇಳಿಕೊಂಡು ಬರಲು ಮುಂದಿನ ತಿಂಗಳು ಮತ್ತೆ ಹೋಗಬೇಕು.